ತರ್ಕಶಾಸ್ತ್ರ ಸಂಶೋಧಕರ ದಾಖಲೆಯನ್ನು ಸಿದ್ಧಪಡಿಸುವ ಬಗೆ

ಕಲಬುರಗಿಯ ನಿವೃತ್ತ ಪ್ರಾಧ್ಯಾಪಕರೊಬ್ಬರ ಪ್ರಕಟಣೆಗಳ ಪಟ್ಟಿಯನ್ನು ಸರಿಪಡಿಸಲು ಕುಳಿತಾಗ, ಒಂದೇ ಪ್ರಮೇಯವು ಮೂರು ಬೇರೆ ಕೃತಿಗಳಂತೆ ಮೂರು ಸಾಲುಗಳಲ್ಲಿ ನಮೂದಾಗಿತ್ತು: ಆರ್ಕೈವ್‌ನ (ಪ್ರಬಂಧಗಳ ಕರಡುಗಳನ್ನು ಇಡುವ ಜಾಲತಾಣದ) ಕರಡಾಗಿ, ಸಮ್ಮೇಳನದ ಲೇಖನವಾಗಿ, ಜರ್ನಲ್‌ನ ಪೂರ್ಣ ಪ್ರಬಂಧವಾಗಿ. ಅವರಿಗೆ ಮೋಸದ ಉದ್ದೇಶವಿರಲಿಲ್ಲ. ವರ್ಷವರ್ಷವೂ ಒಂದೊಂದು ಸಾಲು ಸೇರಿಸುತ್ತ ಹೋದ ಯಾರ ಪಟ್ಟಿಯಾದರೂ ಹೀಗೆಯೇ ಬೆಳೆಯುತ್ತದೆ. ಗಣಿತೀಯ ತರ್ಕಶಾಸ್ತ್ರ ಮತ್ತು ಗಣಕ ವಿಜ್ಞಾನದಲ್ಲಿ ದುಡಿದವರ ದಾಖಲೆಯನ್ನು ಫಲಿತಾಂಶಗಳಿಂದಲೇ ಆರಂಭಿಸಬೇಕೆಂದು ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತಿದ್ದೇನೆ.

ಮೊದಲು ಪ್ರತಿಯೊಂದು ಮುಖ್ಯ ಫಲಿತಾಂಶವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ. ಏನನ್ನು ಸಾಧಿಸಲಾಯಿತು, ಯಾವ ಊಹೆಗಳ ಮೇಲೆ ಸಾಧಿಸಲಾಯಿತು ಎಂಬುದು ಅದರಲ್ಲಿರಲಿ. ಅದರ ಕೆಳಗೆ ಆ ಫಲಿತಾಂಶದ ಎಲ್ಲ ರೂಪಗಳನ್ನು ಕಾಲಕ್ರಮದಲ್ಲಿ ಕೊಟ್ಟು, ಸಮ್ಮೇಳನದ ಲೇಖನದಲ್ಲಿ ಸ್ಥಳಾಭಾವದಿಂದ ಬಿಟ್ಟ ಸಾಧನೆಯ (ಪ್ರಮೇಯದ ರುಜುವಾತಿನ) ಯಾವ ಭಾಗವು ಜರ್ನಲ್‌ನಲ್ಲಿ ಪೂರ್ಣವಾಗಿ ಬಂದಿದೆ ಎಂಬುದನ್ನು ಸೂಚಿಸಿರಿ.

ತಿದ್ದುಪಡಿಗಳನ್ನು ಮುಚ್ಚಿಡಬಾರದು. ಮೊದಲ ಶ್ರೇಣಿಯ ತರ್ಕದ ನಿರ್ಣಯ ಸಮಸ್ಯೆಗೆ (ಕೊಟ್ಟ ಸೂತ್ರವನ್ನು ಸಾಧಿಸಬಹುದೇ ಎಂದು ಯಾಂತ್ರಿಕವಾಗಿ ತೀರ್ಮಾನಿಸುವ ಪ್ರಶ್ನೆಗೆ) ಪರಿಹಾರವಿಲ್ಲವೆಂದು ತೋರಿಸಿದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅವರ 1936ರ ಕಿರು ಟಿಪ್ಪಣಿಗೆ ಅದೇ ವರ್ಷ ತಿದ್ದುಪಡಿ ಪ್ರಕಟವಾಯಿತು. ಅಲಾನ್ ಟ್ಯೂರಿಂಗ್ ಅವರ ಗಣನೀಯ ಸಂಖ್ಯೆಗಳ (ಯಂತ್ರದಿಂದ ಲೆಕ್ಕಹಾಕಬಹುದಾದ ಸಂಖ್ಯೆಗಳ) ಪ್ರಬಂಧಕ್ಕೂ ತಿದ್ದುಪಡಿಯಿದೆ. ಇಷ್ಟು ದೊಡ್ಡ ಕೆಲಸಗಳೇ ತಿದ್ದುಪಡಿಯೊಂದಿಗೆ ಉಳಿದಿರುವಾಗ, ನಮ್ಮ ದಾಖಲೆಯಲ್ಲಿ ಅದನ್ನು ಮೂಲ ಪ್ರಬಂಧದ ಪಕ್ಕದಲ್ಲಿಯೇ ಬರೆಯಲು ಸಂಕೋಚ ಬೇಕಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮ ಭಾಗದವರು ಹೆಚ್ಚಿನ ಎಚ್ಚರ ವಹಿಸಬೇಕು. ಪಾಟೀಲ, ಕುಲಕರ್ಣಿ ಎಂಬ ಅಡ್ಡಹೆಸರುಗಳು ಮನೆಮನೆಯಲ್ಲಿವೆ. ಇಂಗ್ಲಿಷಿನಲ್ಲಿ ಅವುಗಳ ಕಾಗುಣಿತವೂ, ಇನಿಷಿಯಲ್‌ಗಳ ಕ್ರಮವೂ ಲೇಖನದಿಂದ ಲೇಖನಕ್ಕೆ ಬದಲಾಗಿರುತ್ತವೆ. ಸಂಶೋಧಕರನ್ನು ಗುರುತಿಸುವ 16 ಸ್ಥಾನಗಳ ಆರ್ಕಿಡ್ (ORCID) ಸಂಖ್ಯೆಯೊಂದನ್ನು ಪಡೆದು, ಹಳೆಯ ರೂಪಗಳನ್ನೆಲ್ಲ ಅದಕ್ಕೆ ಜೋಡಿಸಿರಿ. ಆಮೇಲೆ ಗಣಕ ವಿಜ್ಞಾನದ ಲೇಖನಸೂಚಿಯಾದ ಡಿಬಿಎಲ್‌ಪಿ ಮತ್ತು 2021ರಿಂದ ಎಲ್ಲರಿಗೂ ಮುಕ್ತವಾಗಿರುವ ಗಣಿತದ ಲೇಖನಸೂಚಿ ಝಡ್‌ಬಿಮ್ಯಾತ್‌ನಲ್ಲಿ ಬೇರೆಯವರ ಲೇಖನ ನಿಮ್ಮ ಹೆಸರಿಗೆ ಸೇರಿದೆಯೇ ಎಂದು ನೋಡಿರಿ. ಊರಿನ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ: 2014ರಲ್ಲಿ ಊರು ಅಧಿಕೃತವಾಗಿ ಕಲಬುರಗಿಯಾಯಿತು, 1980ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ಮಾತ್ರ ಗುಲಬರ್ಗಾ ಎಂಬ ಹೆಸರನ್ನೇ ಉಳಿಸಿಕೊಂಡಿದೆ. ಪ್ರಬಂಧದಲ್ಲಿ ಅಚ್ಚಾದ ರೂಪವನ್ನು ಹಾಗೆಯೇ ಇಟ್ಟು, ಇಂದಿನ ಹೆಸರನ್ನು ಪಕ್ಕದಲ್ಲಿ ಬರೆಯುವುದು ಸರಿಯಾದ ಕ್ರಮ.

ಗಣಿತ ವಿಷಯ ವರ್ಗೀಕರಣದಲ್ಲಿ ತರ್ಕಶಾಸ್ತ್ರಕ್ಕೆ 03, ಗಣಕ ವಿಜ್ಞಾನಕ್ಕೆ 68 ಎಂಬ ಸಂಖ್ಯೆಗಳಿವೆ. ಎರಡರ ಗಡಿಯಲ್ಲಿರುವ ಕೆಲಸಕ್ಕೆ ಎರಡನ್ನೂ ಕೊಡಿರಿ.

ಲೇಖಕರ ಕ್ರಮದ ಬಗ್ಗೆ ಸ್ಪಷ್ಟವಾದ ಒಂದು ಟಿಪ್ಪಣಿ ಅತ್ಯವಶ್ಯಕ. ಈ ಕ್ಷೇತ್ರದಲ್ಲಿ ಸಹಲೇಖಕರ ಹೆಸರುಗಳು ಬಹುತೇಕ ಇಂಗ್ಲಿಷ್ ಅಕಾರಾದಿಯಲ್ಲಿ ಬರುತ್ತವೆ; ಮೊದಲ ಹೆಸರಿಗೆ ವಿಶೇಷ ಅರ್ಥವಿರುವುದಿಲ್ಲ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ, ಅಧ್ಯಾಪಕರ ಸಂಶೋಧನಾ ಅಂಕಗಳ ಲೆಕ್ಕದಲ್ಲಿ, ಇಬ್ಬರಿಗಿಂತ ಹೆಚ್ಚು ಲೇಖಕರಿದ್ದಾಗ ಮೊದಲ, ಪ್ರಧಾನ ಅಥವಾ ಪತ್ರವ್ಯವಹಾರದ ಲೇಖಕರಿಗೆ ಶೇಕಡಾ 70, ಉಳಿದ ಪ್ರತಿಯೊಬ್ಬರಿಗೆ ಶೇಕಡಾ 30 ಎಂದಿದೆ. ಅಡ್ಡಹೆಸರು ಅಕಾರಾದಿಯ ಕೊನೆಗೆ ಬರುವ ಸಂಶೋಧಕರು ಇದರಿಂದ ನಷ್ಟ ಅನುಭವಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಆದ್ದರಿಂದ ಪಟ್ಟಿಯ ತಲೆಯಲ್ಲಿಯೇ ಈ ರೂಢಿಯನ್ನು ಹೇಳಿ, ಪ್ರತಿ ಪ್ರಬಂಧದ ಕೆಳಗೆ ನಿಮ್ಮ ಪಾಲಿನ ಕೆಲಸವನ್ನು ಸಹಲೇಖಕರ ಒಪ್ಪಿಗೆಯೊಂದಿಗೆ ಒಂದು ವಾಕ್ಯದಲ್ಲಿ ಬರೆಯಿರಿ.

ಸಾಧನೆಯನ್ನು ಗಣಕಯಂತ್ರದಿಂದ ಪರಿಶೀಲಿಸಿದ್ದರೆ ತಂತ್ರಾಂಶದ ಹೆಸರಿನ ಜೊತೆಗೆ ಆವೃತ್ತಿಯನ್ನೂ ದಾಖಲಿಸಬೇಕು. ಉದಾಹರಣೆಗೆ, ಲೀನ್ ಎಂಬ ತಂತ್ರಾಂಶದ 3ನೇ ಆವೃತ್ತಿಯಲ್ಲಿ ಬರೆದ ಸಾಧನೆಯು 4ನೇ ಆವೃತ್ತಿಯಲ್ಲಿ ಹಾಗೆಯೇ ನಡೆಯುವುದಿಲ್ಲ; ಆವೃತ್ತಿ ತಿಳಿಯದಿದ್ದರೆ ಅದನ್ನು ಮತ್ತೆ ಪರೀಕ್ಷಿಸುವುದು ಬಹಳ ಕಷ್ಟ. ಕಡತಗಳನ್ನು ಝೆನೊಡೊದಂತಹ ಭಂಡಾರದಲ್ಲಿಟ್ಟು ಡಿಒಐ (ಕಡತದ ಶಾಶ್ವತ ಗುರುತುಸಂಖ್ಯೆ) ಪಡೆಯಿರಿ. ಪಿಎಚ್‌ಡಿ ಪ್ರಬಂಧವು ಭಾರತದ ಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿದ್ದರೆ ಅದರ ಕೊಂಡಿಯನ್ನು ಕೊಡಿರಿ.

ಕೊನೆಯಲ್ಲಿ ಸಿದ್ಧವಾದ ಪ್ರತಿಯನ್ನು ಸಹಲೇಖಕರೊಬ್ಬರಿಗೂ, ಕ್ಷೇತ್ರದ ಹೊರಗಿನ ಗಣಿತ ಅಧ್ಯಾಪಕರೊಬ್ಬರಿಗೂ ಕಳಿಸಿರಿ. ಮೊದಲನೆಯವರು ವರ್ಷ ಮತ್ತು ಪುಟಸಂಖ್ಯೆಗಳ ತಪ್ಪನ್ನು ಹಿಡಿಯುತ್ತಾರೆ; ಎರಡನೆಯವರಿಗೆ ಫಲಿತಾಂಶದ ಎರಡು ವಾಕ್ಯಗಳು ಅರ್ಥವಾಗದಿದ್ದರೆ ಅವನ್ನು ಮತ್ತೆ ಬರೆಯಿರಿ.