ಡಾಕ್ಯುಮೆಂಟ್ ಸರ್ವರ್ ಮತ್ತು ಬ್ರೌಸರ್ ಕ್ಯಾಶ್: ನನ್ನ ಅನುಭವ

ಕಲಬುರಗಿಯ ಒಂದು ತೊಗರಿ ವ್ಯಾಪಾರದ ಆಫೀಸಿಗೆ ಓನ್ಲಿಆಫೀಸ್ ಡಾಕ್ಯುಮೆಂಟ್ ಸರ್ವರ್ ಹಾಕಿಕೊಟ್ಟೆ. ಶೀಟ್, ಡಾಕ್ಯುಮೆಂಟ್‌ಗಳನ್ನು ಬ್ರೌಸರ್‌ನಲ್ಲೇ ತೆರೆದು ತಿದ್ದುವ ಎಡಿಟರ್ ಇದು. ಸೇಡಂ, ಚಿತ್ತಾಪುರದ ಗುಮಾಸ್ತರು ಮೊಬೈಲ್ ಇಂಟರ್ನೆಟ್‌ನಲ್ಲೇ ಲೆಕ್ಕದ ಶೀಟ್ ತೆರೆಯುತ್ತಾರೆ. ಈ ಎಡಿಟರ್ ಪುಟವನ್ನು ಬ್ರೌಸರ್‌ನಲ್ಲೇ ಬಿಡಿಸುತ್ತದೆ. ಹಾಗಾಗಿ ಶೀಟ್ ಎಷ್ಟೇ ಚಿಕ್ಕದಿರಲಿ, ಸ್ಕ್ರಿಪ್ಟ್, ಫಾಂಟ್ ಎಲ್ಲ ಅವರ ಕಂಪ್ಯೂಟರಿಗೆ ಇಳಿಯಬೇಕು. ಮೊದಲ ಸಲ ತಡ ಆಗುವುದು ಇದಕ್ಕೇ.

ಇಳಿದ ಫೈಲ್‌ಗಳ ಪ್ರತಿಯನ್ನು ಬ್ರೌಸರ್ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಅದೇ ಕ್ಯಾಶ್. ಎರಡನೇ ಸಲ ಏನಾಗುತ್ತದೆ ಅಂತ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್‌ನಲ್ಲಿ ನೋಡಿದೆ. 'ಡಿಸ್ಕ್ ಕ್ಯಾಶ್' ಅಂತಿದ್ದರೆ ಬ್ರೌಸರ್ ಸರ್ವರನ್ನು ಕೇಳಿಯೇ ಇಲ್ಲ. 304 ಅಂತಿದ್ದರೆ ಕೇಳಿದೆ, 'ಬದಲಾಗಿಲ್ಲ' ಅನ್ನೋ ಉತ್ತರ ಮಾತ್ರ ಬಂದಿದೆ. ಡೇಟಾ ಉಳಿಯಿತು ನಿಜ. ಆದರೆ ಸಿಗ್ನಲ್ ಸರಿಯಿಲ್ಲದ ಕಡೆ ಒಂದೊಂದು ಫೈಲಿಗೂ ಹೀಗೆ ಕೇಳಿ ಬರುವುದೇ ದೊಡ್ಡ ಹೊರೆ ಅಲ್ವಾ? ಎಡಿಟರ್‌ನ ಫೈಲ್‌ಗಳ ವಿಳಾಸದಲ್ಲಿ ವರ್ಷನ್ ಸಂಖ್ಯೆ ಇರುತ್ತದೆ, ಅಪ್‌ಗ್ರೇಡ್ ಆದರೆ ವಿಳಾಸವೇ ಬದಲಾಗುತ್ತದೆ. ಅದಕ್ಕೇ ಅವುಗಳಿಗೆ ಮ್ಯಾಕ್ಸ್-ಏಜ್ (ಸರ್ವರನ್ನು ಕೇಳದೆ ಕ್ಯಾಶ್‌ನ ಪ್ರತಿಯನ್ನೇ ಬಳಸಬಹುದಾದ ಅವಧಿ) 31536000 ಸೆಕೆಂಡ್, ಅಂದರೆ ಒಂದು ವರ್ಷ, ಧೈರ್ಯವಾಗಿ ಕೊಟ್ಟೆ.

ಡಾಕ್ಯುಮೆಂಟಿನ ಕಥೆ ಬೇರೆ. ಅದನ್ನು ಎಡಿಟರ್ ಗುರುತಿಸುವುದು 'ಕೀ' ಮೂಲಕ, ಅಂದರೆ ನಮ್ಮ ಪುಟ ಕಳಿಸುವ ಒಂದು ಗುರುತಿನ ಮೂಲಕ. ಹಳೆಯ ಕೀ ಕಳಿಸಿದರೆ ಸರ್ವರ್ ತನ್ನ ಕ್ಯಾಶ್‌ನಲ್ಲಿರುವ ಹಳೆಯ ಪ್ರತಿಯನ್ನೇ ಕೊಡುತ್ತದೆ. ಇದು ಬ್ರೌಸರ್ ಕ್ಯಾಶ್ ಅಲ್ಲ, ಬ್ರೌಸರ್‌ನಲ್ಲಿ ಏನು ಅಳಿಸಿದರೂ ಪ್ರಯೋಜನ ಇಲ್ಲ. ಎಡಿಟಿಂಗ್ ಮುಗಿದು ಫೈಲ್ ಸೇವ್ ಆದಮೇಲೆ ಹೊಸ ಕೀ ಬರುವಂತೆ ಮಾಡಿದೆ. ನಡುವೆ ಮಾತ್ರ ಕೀ ಬದಲಾಗಬಾರದು. ಬದಲಾದರೆ ಒಂದೇ ಶೀಟ್ ತೆರೆದ ಇಬ್ಬರು ಬೇರೆ ಬೇರೆ ಪ್ರತಿಯಲ್ಲಿ ಕೂರುತ್ತಾರೆ. ಫೋರ್ಸ್ ಸೇವ್ (ಎಡಿಟಿಂಗ್ ನಡೆಯುತ್ತಿರುವಾಗಲೇ ಮಾಡುವ ಸೇವ್) ಆದಾಗಲೂ ಹಳೆಯ ಕೀಯೇ ಇರಬೇಕು. ಆಗ ಫೈಲಿನ ಸಮಯ ಮಾತ್ರ ಬದಲಾಗುತ್ತದೆ. ಅದಕ್ಕೇ ಆ ಸಮಯ ನೋಡಿ ಕೀ ಮಾಡುವ ಸುಲಭದ ದಾರಿಯನ್ನು ನಾನು ಬಿಟ್ಟೆ. ಕೀ ಹೊತ್ತು ತರುವ ನಮ್ಮ ಪುಟಕ್ಕೆ ನೋ-ಸ್ಟೋರ್, ಅಂದರೆ 'ಕ್ಯಾಶ್‌ನಲ್ಲಿ ಇಡಲೇಬೇಡ' ಅನ್ನೋ ಸೂಚನೆ, ಹಾಕಿದೆ.

ಜಾಸ್ತಿ ತಲೆ ತಿಂದಿದ್ದು ಕನ್ನಡ ಫಾಂಟ್. ನೋಟೋ ಸ್ಯಾನ್ಸ್ ಕನ್ನಡ ಹಾಕಿ, ಫಾಂಟ್ ಪಟ್ಟಿ ತಯಾರಿಸುವ ಸ್ಕ್ರಿಪ್ಟನ್ನೂ ಓಡಿಸಿದ್ದೆ. ಹೊಸ ಕಂಪ್ಯೂಟರ್‌ನಲ್ಲಿ ಕಾಣಿಸಿತು. ಸೇಡಂನಿಂದ ಫೋನ್ ಬಂತು: "ಸರ್, ಹಾಕೀನಿ ಅಂದ್ರಿ, ನಮಗ ಕಾಣವಲ್ದು ನೋಡ್ರಿ." ಅಲ್ಲಿನ ಬ್ರೌಸರ್ ಹಳೆಯ ಪಟ್ಟಿಯನ್ನೇ ಹಿಡಿದು ಕೂತಿತ್ತು. ಒಂದು ವರ್ಷ ಅಂತ ಹೇಳಿದವನು ನಾನೇ, ಅದು ಯಾಕೆ ಬಿಡುತ್ತದೆ! ಫಾಂಟ್ ಪಟ್ಟಿಯ ಫೈಲ್ ಬದಲಾಗಿತ್ತು, ಅದರ ವಿಳಾಸ ಬದಲಾಗಿರಲಿಲ್ಲ.

ಇಂಥ ಕಡೆ ಕಂಟ್ರೋಲ್-ಶಿಫ್ಟ್-ಆರ್ ಒತ್ತಿ ಪುಟವನ್ನು ಹೊಸದಾಗಿ ತರಿಸಿದರೂ ಸಾಲದು, ಪುಟ ತೆರೆದ ಮೇಲೆ ತರಿಸಿಕೊಳ್ಳುವ ಫೈಲ್‌ಗಳು ಕ್ಯಾಶ್‌ನಿಂದಲೇ ಬರಬಹುದು. ಬ್ರೌಸರ್ ಸೆಟ್ಟಿಂಗ್‌ನಲ್ಲಿ ಕ್ಯಾಶ್ ಆದ ಚಿತ್ರ, ಫೈಲ್‌ಗಳನ್ನು ಅಳಿಸಿ ಅಂದೆ. ಕುಕೀಗೆ ಟಿಕ್ ಹಾಕಬೇಡಿ ಅಂತಲೂ ಹೇಳಿದೆ, ಇಲ್ಲದಿದ್ದರೆ ಲಾಗಿನ್ ಹೋಗಿ, ಪಾಸ್‌ವರ್ಡ್ ಕೇಳಿ ಮತ್ತೊಂದು ಫೋನ್ ಬರುತ್ತದೆ.