ಡ್ರೈವ್-ಇನ್‌ನಲ್ಲಿ ಕನ್ನಡ ಸಿನಿಮಾ: ಪೆನ್ಸಿಲ್ವೇನಿಯಾದಲ್ಲಿ ನನ್ನ ಅನುಭವ

ಡ್ರೈವ್-ಇನ್ ಬಾಡಿಗೆಗೆ ಹಿಡಿದು ಕನ್ನಡ ಸಿನಿಮಾ ಹಾಕುತ್ತೇನೆ ಅಂದಾಗ, ಮಲ್ಟಿಪ್ಲೆಕ್ಸ್‌ಗೇ ಜನ ಬರಲ್ಲ, ಇನ್ನು ಹೊಲದ ಮಧ್ಯೆ ಕಾರಲ್ಲಿ ಕೂತು ಯಾರು ನೋಡ್ತಾರೆ ಅಂತ ನಮ್ಮ ಕನ್ನಡ ಕೂಟದವರೇ ಅಂದಿದ್ದರು. ಹೋದ ಆಗಸ್ಟ್ ಕೊನೆಯ ಶೋಗೆ ನೂರರ ಮೇಲೆ ಕಾರು ಬಂದವು. ಖರ್ಚು ಕಳೆದು ಆರೇಳುನೂರು ಡಾಲರ್ ಉಳಿಯಿತು.

ಈ ಕಡೆ ಹಳೇ ಡ್ರೈವ್-ಇನ್‌ಗಳು ಇನ್ನೂ ಇವೆ. 1934ರ ಶ್ಯಾಂಕ್‌ವೈಲರ್ಸ್ ಈಗಲೂ ನಡೆಯುತ್ತಿದೆ. ನಾನು ಹಿಡಿದದ್ದು ಬೇರೆ, ಪೂರ್ತಿ ಮನೆಯವರದ್ದೇ. ಟಿಕೆಟ್ ಕೊಡುವುದು ಅಮ್ಮ, ಪ್ರೊಜೆಕ್ಟರ್ ಮಗನದ್ದು, ಪಾಪ್‌ಕಾರ್ನ್ ಸೊಸೆಯದ್ದು. ಹೆಡ್ ಆಫೀಸ್ ಕೇಳಬೇಕು ಅನ್ನೋರು ಯಾರೂ ಇಲ್ಲ, ಎಲ್ಲ ಅಲ್ಲೇ ಮಾತಾಡಿ ಮುಗಿಯಿತು.

ಅವರ ಲಾಭ ಇರುವುದು ಕ್ಯಾಂಟೀನ್‌ನಲ್ಲಿ. ನಮ್ಮವರು ಪುಳಿಯೋಗರೆ ಡಬ್ಬಿ ತಂದರೆ ಅವರಿಗೆ ಹೊಡೆತ. ಅದಕ್ಕೇ ಬಾಡಿಗೆ ಸುಮಾರು 1,500 ಡಾಲರ್, ಹೊರಗಿನ ಊಟ ತರುವ ಕಾರಿಗೆ ಇನ್ನೈದು. ಮೊದಲು ತಲೆಗಿಷ್ಟು ಅಂತ ಟಿಕೆಟ್ ಇಟ್ಟಾಗ ಊರಿಂದ ಬಂದ ಅಪ್ಪ-ಅಮ್ಮನನ್ನು ಮನೆಯಲ್ಲೇ ಬಿಟ್ಟು ಬಂದರು. ಕಾರಿಗೆ 35 ಅಂದ ಮೇಲೆ ವ್ಯಾನ್ ತುಂಬಿಸಿಕೊಂಡು ಬಂದರು. ಮಗು ಅತ್ತರೂ ಯಾರೂ ತಿರುಗಿ ನೋಡಲ್ಲ, ಅಜ್ಜಿಗೆ ಕಾಲು ಚಾಚಬಹುದು. 1933ರಲ್ಲಿ ನ್ಯೂಜೆರ್ಸಿಯಲ್ಲಿ ಮೊದಲ ಡ್ರೈವ್-ಇನ್ ತೆರೆದ ಹಾಲಿಂಗ್ಸ್‌ಹೆಡ್ ಕೂಡ ಮಕ್ಕಳು ಎಷ್ಟೇ ಗಲಾಟೆ ಮಾಡಲಿ ಮನೆಮಂದಿಯೆಲ್ಲ ಬನ್ನಿ ಅಂತಲೇ ಕರೆದಿದ್ದ.

ಮೊದಲ ಶೋ ಜೂನ್‌ನಲ್ಲಿ. ಒಂಬತ್ತಾದರೂ ಕತ್ತಲಾಗಲಿಲ್ಲ. ಅದರ ಮೇಲೆ ಕೆಡಿಎಂ, ಅಂದರೆ ಒಂದೇ ಸರ್ವರ್‌ನಲ್ಲಿ ಸಿನಿಮಾ ತೆರೆಯುವ ಡಿಜಿಟಲ್ ಕೀಲಿ, ಬೇರೆ ಸರ್ವರ್ ನಂಬರ್‌ಗೆ ಬಂದಿತ್ತು, ಹೊಸದು ಮೇಲ್‌ನಲ್ಲಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿ, ಇಂಟರ್ವಲ್‌ಗೇ ಅರ್ಧ ಕಾರು ಖಾಲಿ. ಒಂಬೈನೂರು ಡಾಲರ್ ಹತ್ತಿರ ಕೈಬಿಟ್ಟಿತು. ಈಗ ಆಗಸ್ಟ್ ಕೊನೆಗೇ ಹಾಕುತ್ತೇನೆ, ಎಂಟೂಕಾಲಿಗೆ ಶುರು. ಡಿಸಿಪಿ, ಅಂದರೆ ಸಿನಿಮಾದ ಡಿಜಿಟಲ್ ಫೈಲ್, ಹಿಂದಿನ ರಾತ್ರಿಯೇ ಲೋಡ್ ಮಾಡಿಸಿ, ಕೀಲಿ ತೆರೆಯುತ್ತಾ ಅಂತ ನಿಂತು ನೋಡುತ್ತೇನೆ.

ಸಿನಿಮಾದ ಆಡಿಯೋ ಕಾರಿನ ಎಫ್‌ಎಂ ರೇಡಿಯೋದಲ್ಲಿ ಬರುವುದರಿಂದ ಬ್ಯಾಟರಿ ಕೂತುಬಿಡುತ್ತದೆ. ಬ್ರೇಕ್ ಒತ್ತದೆ ಸ್ಟಾರ್ಟ್ ಬಟನ್ ಒತ್ತಿ, ಇಂಜಿನ್ ಶುರುವಾಗದೆ ರೇಡಿಯೋ ಮಾತ್ರ ಬರುತ್ತದೆ ಅಂತ ಗೇಟಲ್ಲೇ ಹೇಳುತ್ತೇವೆ, ಆದರೂ ಕೆಲವು ಕಾರುಗಳಲ್ಲಿ ರೇಡಿಯೋ ತಾನೇ ಆಫ್ ಆಗುತ್ತದೆ. ಅಂಥವರಿಗೆ ಪುಟ್ಟ ರೇಡಿಯೋ ಬಾಡಿಗೆಗೆ ಕೊಡುತ್ತೇನೆ. ಕೂತ ಬ್ಯಾಟರಿಯ ಕಾರು ಶುರು ಮಾಡಲು ಜಂಪ್ ಸ್ಟಾರ್ಟರ್ ಎರಡು ಇಟ್ಟಿರಿ, ಒಂದು ಸಾಲಲ್ಲ. ಎಸ್‌ಯುವಿಗಳು ಹಿಂದಿನ ಸಾಲಿಗೆ, ಡಿಕ್ಕಿ ಸ್ಕ್ರೀನ್ ಕಡೆಗೆ. ಸೊಳ್ಳೆಗೆ ಸಿಟ್ರೊನೆಲ್ಲಾ ಮೇಣದಬತ್ತಿ ಹಚ್ಚಿ ನೋಡಿದೆ, ಸುಮ್ನೆ ದುಡ್ಡು ದಂಡ. ಡಿಕ್ಕಿಯಲ್ಲಿ ಸಣ್ಣ ಫ್ಯಾನ್ ಇಟ್ಟರೆ ಎಷ್ಟೋ ವಾಸಿ.

ಇಂಟರ್ವಲ್‌ಗೆ ಅವರ ಕ್ಯಾಂಟೀನ್‌ನಲ್ಲೇ ಗಿರ್ಮಿಟ್ ಮಾಡಿಸಿದೆ, ಬಂದದ್ದರಲ್ಲಿ ಅರ್ಧ ಅವರಿಗೆ. ಹಾಟ್ ಡಾಗ್‌ಗಿಂತ ಜಾಸ್ತಿ ಹೋಯಿತು. ಮಂಡಕ್ಕಿ ಮಾತ್ರ ಕೊನೇ ಗಳಿಗೆಯಲ್ಲಿ ಕಲಸಬೇಕು, ರಾತ್ರಿಯ ಇಬ್ಬನಿಗೆ ಹತ್ತೇ ನಿಮಿಷದಲ್ಲಿ ಮೆತ್ತಗಾಗುತ್ತದೆ.