ಕದ್ದಾಲಿಕೆ ಬಗ್ಗೆ ಕೇಳುವ ಪ್ರಶ್ನೆ, ಸರ್ವರ್ ಹುಡುಕುವಾಗಲೂ ಕೇಳಿದೆ

ಫೋನ್ ಕದ್ದಾಲಿಕೆಯ ಕಾನೂನು ಬದಲಾಗಬೇಕು ಅಂತ ಗೆಳೆಯರ ಜೊತೆ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ಸಂಸದರಿಗೆ ಪತ್ರ, ಆರ್‌ಟಿಐ ಅರ್ಜಿ, ಕಾಲೇಜುಗಳಲ್ಲಿ ಮಾತು. ಈಗ ಕದ್ದಾಲಿಕೆಗೆ ಆದೇಶ ಕೊಡುವವರು ಗೃಹ ಕಾರ್ಯದರ್ಶಿ. ಅದು ಸರಿಯೇ ಅಂತ ನೋಡುವ ಸಮಿತಿಯಲ್ಲೂ ಬರೀ ಅಧಿಕಾರಿಗಳು, ಒಬ್ಬ ನ್ಯಾಯಾಧೀಶರೂ ಇಲ್ಲ. ಫೋನ್ ಯಾರದ್ದೋ ಅವರಿಗೆ ಆಮೇಲೂ ತಿಳಿಸುವುದಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂತು, ಈ ಏರ್ಪಾಡು ಮಾತ್ರ ಹಾಗೇ ಉಳಿಯಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಇದನ್ನು ಹೇಳುವಾಗಲೆಲ್ಲ ನನಗೆ ಹೆಮ್ಮೆ.

ಇಷ್ಟೆಲ್ಲ ಮಾತಾಡುವ ನಾವು ಜನರನ್ನು ಸೇರಿಸುತ್ತಿದ್ದದ್ದು ಒಂದು ದೊಡ್ಡ ಕಂಪನಿಯ ಜಾಲತಾಣದಲ್ಲಿ. ಮನಸ್ಸಿಗೆ ಕಸಿವಿಸಿ. ಮಾಸ್ಟೊಡಾನ್ ಅನ್ನುವ ಸಾಮಾಜಿಕ ಜಾಲತಾಣಕ್ಕೆ ಬಂದೆವು. ಅದು ಒಂದೇ ಜಾಗ ಅಲ್ಲ, ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು, ಅಂದರೆ ಖಾತೆ, ಬರಹಗಳನ್ನೆಲ್ಲ ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು. ಒಂದರಲ್ಲಿ ಖಾತೆ ಇದ್ದರೆ ಉಳಿದವುಗಳಲ್ಲಿ ಇರುವವರ ಜೊತೆಗೂ ಮಾತಾಡಬಹುದು.

ಮೊದಲ ಸರ್ವರನ್ನು ಸುಮ್ನೆ ಹೆಸರು ಚೆನ್ನಾಗಿದೆ ಅಂತ ಆರಿಸಿದೆ. ಒಂದು ದಿನ ಬೆಳಗ್ಗೆ ಪುಟವೇ ತೆರೆಯಲಿಲ್ಲ. ಕಾನೂನಿನ ಒಂದೊಂದು ಕಲಮನ್ನೂ ಕನ್ನಡದಲ್ಲಿ ಬಿಡಿಸಿ ಬರೆದಿದ್ದೆಲ್ಲ ಹೋಯಿತು. ಹಳೆಯ ಸರ್ವರ್ ಬದುಕಿದ್ದರೆ ಹಿಂಬಾಲಕರನ್ನಾದರೂ ಹೊಸ ಖಾತೆಗೆ ಕರೆದುಕೊಂಡು ಹೋಗಬಹುದಿತ್ತು. ಅದೂ ಆಗಲಿಲ್ಲ.

ಎರಡನೇ ಸಲ ಪ್ರತಿ ಸರ್ವರಿನ ಪರಿಚಯ ಪುಟವನ್ನು ಸಾಲು ಸಾಲಾಗಿ ಓದಿದೆ. ಮಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿ ಇರುವವರು, ಮುಚ್ಚುವುದಾದರೆ 3 ತಿಂಗಳು ಮೊದಲೇ ಹೇಳುತ್ತೇವೆ, ದಿನಾ ಬ್ಯಾಕಪ್ ಇಡುತ್ತೇವೆ ಅಂತ ಒಪ್ಪಿಕೊಂಡಿರುತ್ತಾರೆ. ಬೇರೆ ಯಾವ ಸರ್ವರ್‌ಗಳ ಜೊತೆ ಮಾತಾಡದಂತೆ ತಡೆದಿದ್ದಾರೆ, ಯಾಕೆ ಅಂತಲೂ ನೋಡಿದೆ.

ಆದರೆ ನನಗೆ ಮುಖ್ಯವಾಗಿದ್ದು ಬೇರೆ. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಕೊಲೆಕ್ಟಿವಾ ಎಂಬ ಸರ್ವರಿನ ಒಬ್ಬ ಅಡ್ಮಿನ್ (ಸರ್ವರ್ ನೋಡಿಕೊಳ್ಳುವವರು) ಮನೆ ಮೇಲೆ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ದಾಳಿ ಮಾಡಿತು. ಸರ್ವರಿಗೆ ಸಂಬಂಧವೇ ಇಲ್ಲದ ಕೇಸು. ಆದರೂ ಸರ್ವರಿನ ಡೇಟಾಬೇಸಿನ ಎನ್‌ಕ್ರಿಪ್ಟ್ ಆಗದ, ಅಂದರೆ ಗೂಢಲಿಪಿಗೆ ಬದಲಾಯಿಸದ ಒಂದು ಪ್ರತಿ ಅವರ ಕೈಗೆ ಹೋಯಿತು. ಹಾಗಾಗಿ ಮೂವರು ಅಡ್ಮಿನ್‌ಗಳಿಗೆ ಒಂದೇ ಪ್ರಶ್ನೆ ಬರೆದೆ: "ಪೊಲೀಸರು ಬಂದು ನಮ್ಮ ಮಾಹಿತಿ ಕೇಳಿದರೆ ಏನು ಮಾಡುತ್ತೀರಿ?" ಒಬ್ಬರು ಉತ್ತರಿಸಲಿಲ್ಲ. ಇನ್ನೊಬ್ಬರು "ಹಾಗೇನೂ ಆಗಲ್ಲ ಬಿಡಿ" ಅಂದರು. ಮೂರನೆಯವರು, "ಲಿಖಿತ ಆದೇಶ ಇಲ್ಲದೆ ಕೊಡುವುದಿಲ್ಲ. ಕಾನೂನು ತಡೆಯದಿದ್ದರೆ ನಿಮಗೆ ಮೊದಲು ತಿಳಿಸುತ್ತೇನೆ. ಬೇಡದ್ದನ್ನು ಇಟ್ಟುಕೊಳ್ಳುವುದೇ ಇಲ್ಲ" ಅಂತ ಬರೆದರು. ನಾವು ಸರ್ಕಾರದಿಂದ ಕೇಳುತ್ತಿರುವುದೂ ಇದೇ ಅಲ್ವಾ? ಅಲ್ಲೇ ಸೇರಿಕೊಂಡೆವು.

ಮಾಸ್ಟೊಡಾನ್‌ನ ಖಾಸಗಿ ಸಂದೇಶ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಅಡ್ಮಿನ್ ಮನಸ್ಸು ಮಾಡಿದರೆ ಓದಬಹುದು. ಅದಕ್ಕೆ ಅಲ್ಲಿ ಹಾಕುವುದೆಲ್ಲ ಊರಿಗೇ ಗೊತ್ತಾಗಲಿ ಅನ್ನುವಂಥದ್ದು. ಸಭೆ ಎಲ್ಲಿ, ಯಾರು ಬರುತ್ತಾರೆ ಅನ್ನುವುದು ಸಿಗ್ನಲ್‌ನಲ್ಲಿ, ಸಂದೇಶಗಳನ್ನು ಎನ್‌ಕ್ರಿಪ್ಟ್ ಮಾಡಿ ಕಳಿಸುವ ಆ್ಯಪ್‌ ಅದು. ಬರೆದದ್ದರ ಒಂದು ಪ್ರತಿಯನ್ನು ಪ್ರತಿ ತಿಂಗಳು ನಾನೇ ಇಳಿಸಿಕೊಳ್ಳುತ್ತೇನೆ.